ಕುರ್ಚಿಯ ಜಗಳ, ಕಡೇಚೂರಿನ ಗಾಳಿ

ನಮಗೆ ಬೇಡವಾದ ಸರಕಾರ ಬಂದಾಗ ಸಿಟ್ಟು ಬರುತ್ತದೆ. ನಾವೇ ಬೇಕೆಂದು ತಂದ ಸರಕಾರ ನಮ್ಮನ್ನು ಮರೆತಾಗ ಬರುವುದು ಬೇಸರ. ಸಿಟ್ಟಿಗೆ ಸದ್ದಿದೆ. ಅದು ಮೆರವಣಿಗೆಯಾಗುತ್ತದೆ, ಪತ್ರಿಕೆಯಲ್ಲಿ ಫೋಟೊ ಆಗುತ್ತದೆ, ತಹಶೀಲ್ದಾರರ ಮೇಜಿನ ಮೇಲೆ ಮನವಿಪತ್ರವಾಗಿ ಕೂರುತ್ತದೆ. ಬೇಸರಕ್ಕೆ ಸದ್ದಿಲ್ಲ. ಬೇಸತ್ತ ಮತದಾರ ಮತದಾನದ ದಿನ ಹೊಲಕ್ಕೆ ಹೋಗುತ್ತಾನೆ. ಇಲ್ಲವೆ ಬೆಂಗಳೂರಿನ ಕಟ್ಟಡದ ಕೆಲಸ ಬಿಟ್ಟು ಊರಿಗೆ ಬರುವುದೇ ಇಲ್ಲ. ಫಲಿತಾಂಶದ ದಿನ ಪಕ್ಷದ ಕಚೇರಿಯಲ್ಲಿ ಕೂತವರು 'ನಮ್ಮವರು ಎಲ್ಲಿಗೆ ಹೋದರು?' ಎಂದು ತಲೆ ಕೆರೆದುಕೊಳ್ಳುತ್ತಾರೆ. ಅವರು ಎಲ್ಲಿಗೂ ಹೋಗಿರುವುದಿಲ್ಲ. ಸುಮ್ಮನಾಗಿರುತ್ತಾರೆ, ಅಷ್ಟೆ.

ನಮ್ಮ ಕಡೆ ಈ ಬೇಸರಕ್ಕೆ ಒಂದು ಮಾತಿದೆ: "ಯಾರ್ ಬಂದ್ರೂ ಅಷ್ಟೇ ಬಿಡ್ರಿ." ಈ ಮಾತನ್ನು ಬಿಜೆಪಿ ಸರಕಾರವಿದ್ದಾಗಲೂ ಕೇಳಿದ್ದೆ. ಆಗ ಅದನ್ನು ಹೇಳಿದವರ ಕಣ್ಣಲ್ಲಿ 'ನಮ್ಮವರು ಬರಲಿ ತಡಿ' ಎಂಬ ಒಂದು ಎಳೆ ನಿರೀಕ್ಷೆ ಇರುತ್ತಿತ್ತು. 2023ರ ಮೇ ತಿಂಗಳಲ್ಲಿ ಕಾಂಗ್ರೆಸ್ 135 ಸ್ಥಾನ ಗೆದ್ದು, 'ನಮ್ಮವರು' ಬಂದು, ಎರಡೂವರೆ ವರ್ಷ ಕಳೆದ ಮೇಲೆ ಅದೇ ಮಾತನ್ನು ಅದೇ ಜನರ ಬಾಯಲ್ಲಿ ಕೇಳಿದಾಗ ಆ ಎಳೆ ಕಾಣಲಿಲ್ಲ. ಬರೆಯಲೇಬೇಕೆನಿಸಿದ್ದು ಆಗ.

ಕಡೇಚೂರು ಯಾದಗಿರಿ ಜಿಲ್ಲೆಯ ಪೂರ್ವದ ಅಂಚಿನಲ್ಲಿ, ತೆಲಂಗಾಣದ ಗಡಿಗೆ ಹತ್ತಿಕೊಂಡಂತೆ ಇರುವ ಊರು. ಹತ್ತಿರದ ರೈಲು ನಿಲ್ದಾಣ ಸೈದಾಪುರ. ಹಳಬರ ಬಾಯಲ್ಲಿ ಅದು 'ನಾರಾಯಣಪೇಟ್ ರೋಡ್'. ಸಂತೆಯಲ್ಲಿ ನಿಂತರೆ ಕನ್ನಡ, ತೆಲುಗು, ದಖನಿ ಉರ್ದು ಮೂರೂ ಒಂದೇ ತಕ್ಕಡಿಯಲ್ಲಿ ತೂಗುತ್ತವೆ. ತೊಗರಿ, ಹತ್ತಿ, ಹೆಸರು ಇಲ್ಲಿನ ಬೆಳೆ. ಮಳೆ ಕೈಕೊಟ್ಟ ವರ್ಷ ಬೆಂಗಳೂರು, ಮುಂಬಯಿ, ಹೈದರಾಬಾದು ಇಲ್ಲಿನ ಬೆಳೆ. 2010ರ ದಶಕದ ಆರಂಭದಲ್ಲಿ ಕಡೇಚೂರು ಮತ್ತು ಬಾಡಿಯಾಳ ಗ್ರಾಮಗಳ ಮೂರು ಸಾವಿರ ಎಕರೆಗೂ ಹೆಚ್ಚು ಭೂಮಿಯನ್ನು ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಸ್ವಾಧೀನ ಮಾಡಿಕೊಂಡಿತು. ಕಾರ್ಖಾನೆ ಬರುತ್ತದೆ, ಮನೆಗೊಂದು ನೌಕರಿ ಸಿಗುತ್ತದೆ, ಮಕ್ಕಳು ಗುಳೆ ಹೋಗುವುದು ತಪ್ಪುತ್ತದೆ ಎಂಬ ಮಾತು ಆಗ ಊರೂರು ತಿರುಗಿತ್ತು.

ಕಾರ್ಖಾನೆಗಳು ಬಂದವು. ರೈಲ್ವೆಯ ಬೋಗಿ ಫ್ರೇಮ್ ತಯಾರಿಸುವ ಘಟಕ ಬಂತು. ಅದು 2017ರಲ್ಲಿ ಆರಂಭವಾಯಿತು. ಅದರ ಸುತ್ತ ಔಷಧದ ಕಚ್ಚಾವಸ್ತು ತಯಾರಿಸುವ, ರಾಸಾಯನಿಕ ಬಳಸುವ ಕಂಪನಿಗಳು ಒಂದೊಂದಾಗಿ ಬಂದವು. ಅವುಗಳ ಜೊತೆ ಬಂದದ್ದು ಗಾಳಿ. ಹಗಲು ಬಿಸಿಲಿಗೆ ಗಾಳಿ ಮೇಲೇರಿ ಚದುರುವುದರಿಂದ ವಾಸನೆ ಅಷ್ಟು ಗೊತ್ತಾಗುವುದಿಲ್ಲ. ಚಳಿಗಾಲದ ರಾತ್ರಿ ನೆಲ ತಣ್ಣಗಾದಾಗ ಗಾಳಿ ಮೇಲೇಳದೆ ಅಲ್ಲೇ ಕೂರುತ್ತದೆ. ಆಗ ನೋಡಿ, ಬಾಗಿಲು ಹಾಕಿದರೂ, ಕಿಟಕಿಗೆ ಬಟ್ಟೆ ತುರುಕಿದರೂ ಮೂಗಿಗೆ, ಗಂಟಲಿಗೆ ಇಳಿಯುವ ಒಂದು ಘಾಟು. ಕಣ್ಣುರಿ, ಕೆಮ್ಮು, ಮಕ್ಕಳ ವಾಂತಿ. ಇದನ್ನೆಲ್ಲ ಹೇಳಿಕೊಂಡು ಇಲ್ಲಿಯ ಜನ ಧರಣಿ ಕೂತಿದ್ದಾರೆ, ಮನವಿ ಕೊಟ್ಟಿದ್ದಾರೆ, ಪತ್ರಿಕೆಗಳಲ್ಲಿ ವರದಿಗಳೂ ಬಂದಿವೆ. ಅಧಿಕಾರಿಗಳು ಪರಿಶೀಲನೆಗೆ ಬರುವುದು ಹಗಲಲ್ಲಿ.

2025ರ ನವೆಂಬರ್ ಕೊನೆಯಲ್ಲಿ ಸೈದಾಪುರದ ಒಂದು ಚಹಾದಂಗಡಿಯಲ್ಲಿ ಕೂತಿದ್ದೆ. ಟೀವಿಯಲ್ಲಿ ಬೆಳಗಿನಿಂದ ಒಂದೇ ಸುದ್ದಿ. ಮುಖ್ಯಮಂತ್ರಿ ಸಿದ್ದರಾಮಯ್ಯನವರ ಮನೆಗೆ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ನಾಷ್ಟಾಕ್ಕೆ ಹೋಗಿದ್ದಾರೆ. ಏನು ತಿಂದರು, ಯಾರು ಮೊದಲು ನಕ್ಕರು, ಹೊರಗೆ ಬಂದಾಗ ಯಾರ ಮುಖ ಹೇಗಿತ್ತು ಎಂಬುದರ ವಿಶ್ಲೇಷಣೆ. ಅದಾದ ಕೆಲವೇ ದಿನಕ್ಕೆ ಇನ್ನೊಂದು ನಾಷ್ಟಾ. ಅದು ಶಿವಕುಮಾರರ ಮನೆಯಲ್ಲಿ, ನಾಟಿಕೋಳಿ ಸಾರಿನ ಸಮೇತ. 2023ರಲ್ಲಿ ಎರಡೂವರೆ ವರ್ಷದ ಒಪ್ಪಂದವಾಗಿತ್ತೆ ಇಲ್ಲವೆ ಎಂಬುದೇ ಆ ತಿಂಗಳಿಡೀ ರಾಜ್ಯದ ದೊಡ್ಡ ಪ್ರಶ್ನೆ. ಶಾಸಕರ ಗುಂಪುಗಳು ದಿಲ್ಲಿಗೆ ಹೋಗುತ್ತಿದ್ದವು, ಬರುತ್ತಿದ್ದವು. ನನ್ನ ಪಕ್ಕದಲ್ಲಿ ಕೂತ ಹಿರಿಯ ರೈತರೊಬ್ಬರು ಬಸಿಯಲ್ಲಿ ಚಹಾ ಆರಿಸುತ್ತ ಹೇಳಿದರು: "ಮಾಸ್ತರ, ಇಬ್ರೂ ಕೂಡಿ ಉಣ್ಣಲಿ, ಬ್ಯಾಡ ಅನ್ನಂಗಿಲ್ಲ. ನಮ್ಮ ತೊಗರಿ ಮಳ್ಯಾಗ ಕೊಳ್ತು ಹೋಗ್ಯಾದ. ಅದರ ಮಾತು ಯಾರ ಗಂಗಾಳದಾಗ ಅದ?"

ಆ ವರ್ಷ ಮುಂಗಾರಿನ ಕೊನೆಯ ಮಳೆ ಮತ್ತು ಭೀಮೆಯ ಪ್ರವಾಹ ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳ ತೊಗರಿ, ಹತ್ತಿಯನ್ನು ನುಂಗಿದ್ದವು. ಅದೇ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಬೆಲೆಗಾಗಿ ರಸ್ತೆಯಲ್ಲಿ ಕೂತಿದ್ದರು. ನಾಡು ಒಂದು ಕಡೆ, ಟೀವಿ ಇನ್ನೊಂದು ಕಡೆ. ತಪ್ಪು ಟೀವಿಯದಷ್ಟೇ ಅಲ್ಲ. ತೋರಿಸಲು ಅಷ್ಟೊಂದು ಕೊಟ್ಟವರೂ ಇದ್ದರು.

ಕಾಂಗ್ರೆಸನ್ನು ಎಡಪಂಥೀಯ ಸರಕಾರ ಎನ್ನಬಹುದೆ ಎಂದು ಓದುಗರು ಕೇಳಬಹುದು. ಕರ್ನಾಟಕ ಕಮ್ಯುನಿಸ್ಟ್ ಸರಕಾರವನ್ನು ಎಂದೂ ಕಂಡಿಲ್ಲ, ನಿಜ. ಆದರೆ ಭೂಮಿ ಉಳುವವನದು, ಅಕ್ಕಿ ಹಸಿದವನ ಹಕ್ಕು, ಮೀಸಲಾತಿ ಭಿಕ್ಷೆಯಲ್ಲ ಎಂದು ಹೇಳುತ್ತ ವೋಟು ಕೇಳಿದ ಒಂದು ಪರಂಪರೆ ನಮ್ಮಲ್ಲಿದೆ. ದೇವರಾಜ ಅರಸು, 1983ರ ಜನತಾ ಪಕ್ಷ, 1994ರ ಜನತಾದಳ, ಸಮಾಜವಾದಿ ಹಿನ್ನೆಲೆಯ ಸಿದ್ದರಾಮಯ್ಯ ಇವರೆಲ್ಲ ಆ ಸಾಲಿನವರು. ನಮ್ಮ ನಾಡಿನ ಎಡಗೈ ಎಂದರೆ ಅದೇ. ಬಡವರು, ದಲಿತರು, ಮುಸ್ಲಿಮರು ಆ ಕೈ ಹಿಡಿದುಕೊಂಡೇ ಇಷ್ಟು ದೂರ ನಡೆದಿದ್ದಾರೆ. ಆ ಕೈಯ ಬೆರಳುಗಳು ತಮ್ಮತಮ್ಮಲ್ಲೇ ಜಗಳವಾಡಿದಾಗಲೆಲ್ಲ ಬಿದ್ದವರು ಹಿಡಿದುಕೊಂಡವರು. ಇದು ಹೊಸ ಕತೆಯಲ್ಲ.

1974ರ ಮಾರ್ಚ್ 1ರಂದು ಅರಸು ಸರಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂತು. ಗೇಣಿದಾರ ಫಾರಂ ನಂಬರ್ 7 ತುಂಬಿ ಭೂನ್ಯಾಯಮಂಡಳಿಗೆ ಕೊಡಬೇಕು. ನಮ್ಮ ಕಡೆ ಅದಕ್ಕೆ 'ಡಿಕ್ಲರೇಶನ್ ಹಾಕೋದು' ಎನ್ನುತ್ತಿದ್ದರು. ನಮ್ಮ ಓಣಿಯ ಒಂದು ಮನೆಯ ಅಜ್ಜ ಹಾಗೆ ಡಿಕ್ಲರೇಶನ್ ಹಾಕಿ ನಾಲ್ಕು ಎಕರೆಗೆ ಒಡೆಯನಾದವನು. ನನ್ನ ಅಬ್ಬಾ ಅವನಿಗೆ ಅರ್ಜಿ ಬರೆದುಕೊಟ್ಟಿದ್ದರಂತೆ. ಪಹಣಿಯಲ್ಲಿ ತನ್ನ ಹೆಸರು ಬಂದ ದಿನ ಆ ಅಜ್ಜ ಓದಲು ಬಾರದಿದ್ದರೂ ಕಾಗದವನ್ನು ಊರೆಲ್ಲ ತೋರಿಸಿ, ಕೊನೆಗೆ ದರ್ಗಾಕ್ಕೆ ಹೋಗಿ ಸಕ್ಕರೆ ಹಂಚಿದ್ದನ್ನು ಅಬ್ಬಾ ಹೇಳುತ್ತಿದ್ದರು.

ಅರಸರು ಮಾಡಿದ್ದು ಪೂರ್ತಿಯಾಗಲಿಲ್ಲ. 1979ರಲ್ಲಿ ಇಂದಿರಾ ಗಾಂಧಿಯವರಿಗೂ ಅರಸರಿಗೂ ಮುರಿದುಬಿತ್ತು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28ರಲ್ಲಿ 27 ಸ್ಥಾನ ಇಂದಿರಾ ಅವರ ಪಾಲಾಯಿತು. ನಿನ್ನೆಯವರೆಗೆ ಅರಸರ ಸುತ್ತ ಇದ್ದ ಶಾಸಕರು ಸಾಲುಗಟ್ಟಿ ಆಚೆ ಹೋದರು; ಅದೇ ತಿಂಗಳು ಅರಸರು ಕುರ್ಚಿ ಬಿಟ್ಟರು. ಫಾರಂ ನಂಬರ್ 7 ತುಂಬಿ ಕಾಯುತ್ತಿದ್ದವರು ಮಾತ್ರ ಎಲ್ಲಿಗೂ ಹೋಗುವಂತಿರಲಿಲ್ಲ. ನ್ಯಾಯಮಂಡಳಿಯ ಮುಂದಿನ ತಾರೀಖಿಗೆ ಅವರು ಮತ್ತೆ ಬುತ್ತಿ ಕಟ್ಟಿಕೊಂಡು ಯಾದಗಿರಿಯ ದಾರಿ ಹಿಡಿಯಬೇಕಿತ್ತು.

1983ರಲ್ಲಿ ರಾಮಕೃಷ್ಣ ಹೆಗಡೆಯವರ ಸರಕಾರ ಬಂತು. ಆ ಸರಕಾರದ ದೊಡ್ಡ ನೆನಪು ಯಾವುದು ಎಂದು ನಮ್ಮ ಕಡೆಯ ಮುದುಕರನ್ನು ಕೇಳಿ. ಹೆಗಡೆಯವರ ಮುಗುಳ್ನಗೆಯನ್ನು ಅವರು ಹೇಳುವುದಿಲ್ಲ. 'ನೀರ್ ಸಾಬ್' ಎನ್ನುತ್ತಾರೆ. ಗುಂಡ್ಲುಪೇಟೆಯ ಅಬ್ದುಲ್ ನಝೀರ್ ಸಾಬ್ ಗ್ರಾಮೀಣಾಭಿವೃದ್ಧಿ ಮಂತ್ರಿಯಾಗಿ ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿದರು. ಅಧಿಕಾರವನ್ನು ವಿಧಾನಸೌಧದಿಂದ ಇಳಿಸಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ ಕೈಗೆ ಕೊಟ್ಟರು. ಅದರಲ್ಲಿ ಹೆಂಗಸರಿಗೆ ಶೇಕಡಾ 25 ಸ್ಥಾನ. 1987ರಲ್ಲಿ ಅದರ ಚುನಾವಣೆ ನಡೆಯಿತು. ಈ ಮನುಷ್ಯ ಮುಸ್ಲಿಮರಿಗಾಗಿ ಏನು ಮಾಡಿದರು ಎಂದು ಯಾರೂ ಕೇಳಲಿಲ್ಲ. ಕೊಡ ಹೊತ್ತ ಎಲ್ಲ ಜಾತಿಯ ಹೆಂಗಸರಿಗೂ ಮಾಡಿದ್ದೇ ಅವರು ಮಾಡಿದ್ದು. ಮುಸ್ಲಿಮ್ ರಾಜಕಾರಣಿಯೊಬ್ಬನಿಗೆ ಇದಕ್ಕಿಂತ ದೊಡ್ಡ ಪದವಿ ಇಲ್ಲವೆಂದು ನನ್ನ ಅಭಿಪ್ರಾಯ.

ನಝೀರ್ ಸಾಬ್ 1988ರಲ್ಲಿ ತೀರಿಕೊಂಡರು. ಅದೇ ವರ್ಷ ಫೋನ್ ಕದ್ದಾಲಿಕೆಯ ಹಗರಣದಲ್ಲಿ ಹೆಗಡೆ ರಾಜೀನಾಮೆ ಕೊಟ್ಟರು. ಬೊಮ್ಮಾಯಿ ಬಂದರು. ಹೆಗಡೆ, ದೇವೇಗೌಡ, ಬೊಮ್ಮಾಯಿಯವರ ಮುನಿಸುಗಳಲ್ಲಿ ಪಕ್ಷ ಸೀಳಿತು. 1989ರ ಏಪ್ರಿಲ್‌ನಲ್ಲಿ ಕೇಂದ್ರ ಸರಕಾರ ಬೊಮ್ಮಾಯಿ ಸರಕಾರವನ್ನು ವಜಾ ಮಾಡಿತು. ಮುಂದೆ ಸುಪ್ರೀಂ ಕೋರ್ಟು ಅದನ್ನು ತಪ್ಪೆಂದಿತು, ಅದು ಬೇರೆ ಮಾತು. ಜನ ಅಷ್ಟರಲ್ಲಿ ತಮ್ಮ ತೀರ್ಪು ಕೊಟ್ಟಾಗಿತ್ತು. 1985ರಲ್ಲಿ 139 ಸ್ಥಾನ ಗೆದ್ದಿದ್ದ ಜನತಾ ಪರಿವಾರದ ಜನತಾದಳಕ್ಕೆ 1989ರ ಕೊನೆಯಲ್ಲಿ ಸಿಕ್ಕಿದ್ದು 24. ಗೆದ್ದು ಬಂದ ಕಾಂಗ್ರೆಸ್ ಸರಕಾರ ಜಿಲ್ಲಾ ಪರಿಷತ್ತುಗಳ ಅವಧಿ ಮುಗಿದಾಗ ಚುನಾವಣೆ ಮಾಡದೆ ಆಡಳಿತಾಧಿಕಾರಿಗಳನ್ನು ಕೂರಿಸಿತು. ನಾಯಕರ ಜಗಳದ ಬಿಲ್ಲನ್ನು ಹಳ್ಳಿ ಕಟ್ಟುವುದು ಹೀಗೆ.

1994ರಲ್ಲಿ ಜನ ಇನ್ನೊಂದು ಸಲ ನಂಬಿದರು. ಜನತಾದಳಕ್ಕೆ 115 ಸ್ಥಾನ ಕೊಟ್ಟರು. ಆ ಸರಕಾರವೇ 1995ರಲ್ಲಿ ಮುಸ್ಲಿಮರಿಗೆ 2ಬಿ ಅಡಿಯಲ್ಲಿ ಶೇಕಡಾ 4 ಮೀಸಲಾತಿಯನ್ನು ಜಾರಿ ಮಾಡಿದ್ದು. ಇವತ್ತು ನಮ್ಮ ಮಕ್ಕಳು ಇಂಜಿನಿಯರಿಂಗ್, ಮೆಡಿಕಲ್ ಎನ್ನುತ್ತಿದ್ದರೆ ಅದರ ಹಿಂದೆ ಆ ಆದೇಶವಿದೆ. ಆದರೆ 1996ರಲ್ಲಿ ದೇವೇಗೌಡರು ಪ್ರಧಾನಿಯಾಗಿ ದಿಲ್ಲಿಗೆ ಹೋದ ವರ್ಷವೇ ಹೆಗಡೆಯವರನ್ನು ಪಕ್ಷದಿಂದ ಹೊರಹಾಕಲಾಯಿತು. 1999ರಲ್ಲಿ ದಳ ಎರಡಾಯಿತು. ಒಂದಕ್ಕೆ 18, ಇನ್ನೊಂದಕ್ಕೆ 10. ಆ ಚುನಾವಣೆಯಲ್ಲಿ ಸೋತವರಲ್ಲಿ ಸಿದ್ದರಾಮಯ್ಯನವರೂ ಒಬ್ಬರು. ಮನೆಯೊಳಗಿನ ಜಗಳ ಏನನ್ನು ಸುಡುತ್ತದೆ ಎಂಬುದು ಅವರಿಗಿಂತ ಚೆನ್ನಾಗಿ ಬಲ್ಲವರು ಈ ರಾಜ್ಯದಲ್ಲಿ ಕಡಿಮೆ.

ಇದು ಕರ್ನಾಟಕದ್ದೇ ರೋಗವೆಂದು ತಿಳಿಯಬೇಕಿಲ್ಲ. ಶಿಸ್ತಿಗೆ ಹೆಸರಾದ ಕಮ್ಯುನಿಸ್ಟರಲ್ಲೂ ಇದನ್ನು ಕಂಡೆವು. ಕೇರಳದಲ್ಲಿ 2006ರಲ್ಲಿ ಸಿಪಿಎಂ ವಿ.ಎಸ್. ಅಚ್ಯುತಾನಂದನ್ ಅವರಿಗೆ ಮೊದಲು ಟಿಕೆಟು ನಿರಾಕರಿಸಿ, ಜನರ ಒತ್ತಡಕ್ಕೆ ಮಣಿದು ಕೊಟ್ಟಿತು. ಎಡರಂಗ 140ರಲ್ಲಿ 98 ಗೆದ್ದಿತು. ಆಮೇಲೆ ಐದು ವರ್ಷ ಮುಖ್ಯಮಂತ್ರಿ ಅಚ್ಯುತಾನಂದನ್ ಮತ್ತು ಪಕ್ಷದ ಕಾರ್ಯದರ್ಶಿ ಪಿಣರಾಯಿ ವಿಜಯನ್ ನಡುವಿನ ಕಾದಾಟ. 2007ರಲ್ಲಿ ಇಬ್ಬರನ್ನೂ ಪಾಲಿಟ್‌ಬ್ಯೂರೋದಿಂದ ಅಮಾನತು ಮಾಡುವಷ್ಟು ಅದು ಬೆಳೆಯಿತು. 2011ರಲ್ಲಿ 68ಕ್ಕೆ 72 ಎಂಬ ಕೂದಲೆಳೆಯ ಅಂತರದಲ್ಲಿ ಸರಕಾರ ಹೋಯಿತು. ಕನ್ನಡಿಗರ ಮಂಜೇಶ್ವರದಲ್ಲಿ 2006ರಲ್ಲಿ ಗೆದ್ದಿದ್ದ ಸಿಪಿಎಂ 2011ರಲ್ಲಿ ಮೂರನೆಯ ಸ್ಥಾನಕ್ಕೆ ಇಳಿಯಿತು.

ಬಂಗಾಳದ್ದು ಇನ್ನೂ ನೋವಿನ ಪಾಠ, ಮತ್ತು ಕಡೇಚೂರಿಗೆ ಹತ್ತಿರದ್ದು. 1978ರಿಂದ 'ಆಪರೇಶನ್ ಬರ್ಗಾ' ನಡೆಸಿ ಪಾಲುಗೇಣಿದಾರರ ಹೆಸರನ್ನು ದಾಖಲೆಗೆ ಏರಿಸಿದ ಎಡರಂಗವೇ 2006ರಲ್ಲಿ ಸಿಂಗೂರಿನಲ್ಲಿ ಕಾರು ಕಾರ್ಖಾನೆಗಾಗಿ 997 ಎಕರೆ ಸ್ವಾಧೀನ ಮಾಡಿಕೊಂಡಿತು. ನಂದಿಗ್ರಾಮದಲ್ಲಿ 2007ರ ಮಾರ್ಚ್ 14ರಂದು ಪೊಲೀಸರ ಗೋಲಿಬಾರಿಗೆ 14 ಜನ ಸತ್ತರು. ಅಲ್ಲಿ ಭೂಮಿ ಬಿಡುವುದಿಲ್ಲ ಎಂದು ನಿಂತವರಲ್ಲಿ ಮುಸ್ಲಿಮ್ ರೈತರು ದೊಡ್ಡ ಸಂಖ್ಯೆಯಲ್ಲಿದ್ದರು. ದಶಕಗಳ ಕಾಲ ಕೆಂಬಾವುಟವನ್ನು ತಮ್ಮದೆಂದುಕೊಂಡವರು ಅವರು. 2006ರ ಸಾಚಾರ್ ವರದಿ ಬಂಗಾಳದ ಸರಕಾರಿ ನೌಕರಿಯಲ್ಲಿ ಮುಸ್ಲಿಮರ ಪಾಲು ಎಷ್ಟು ಕಡಿಮೆ ಎಂದು ತೋರಿಸಿದಾಗ ಅವರ ಬೇಸರಕ್ಕೆ ಅಂಕಿಯೂ ಸಿಕ್ಕಿತು. 34 ವರ್ಷದ ಆಳ್ವಿಕೆ 2011ರಲ್ಲಿ ಮುಗಿಯಿತು. 2021ರ ವಿಧಾನಸಭೆಯಲ್ಲಿ ಎಡಪಕ್ಷಗಳಿಗೆ ಒಂದೂ ಸ್ಥಾನವಿರಲಿಲ್ಲ. 'ಇವರು ನಮ್ಮವರೇ, ಎಲ್ಲಿ ಹೋಗುತ್ತಾರೆ' ಎಂದುಕೊಂಡ ಪಕ್ಷವೊಂದು ಓದಬೇಕಾದ ಪುಸ್ತಕ ಇದು.

ಮೇಲೆ ಹೇಳಿದ ಓಣಿಯ ಅಜ್ಜನ ನಾಲ್ಕು ಎಕರೆ ಏನಾಯಿತು ಎಂದು ಹೇಳಲಿಲ್ಲ. ಅದು ಈಗ ಕೈಗಾರಿಕಾ ಪ್ರದೇಶದ ಕಂಪೌಂಡಿನೊಳಗಿದೆ. ಪರಿಹಾರದ ಹಣ ಬಂತು. ಒಂದು ಭಾಗ ಮೊಮ್ಮಗಳ ಮದುವೆಗೆ, ಒಂದು ಭಾಗ ಹಳೆಯ ಸಾಲಕ್ಕೆ, ಉಳಿದದ್ದು ಒಂದು ಮೋಟರ್ ಸೈಕಲ್ಲಿಗೆ. ಮೊಮ್ಮಗ ಐಟಿಐ ಓದಿದ್ದಾನೆ. ಅವನಿಗೆ ಸಿಕ್ಕಿದ್ದು ಗುತ್ತಿಗೆದಾರನ ಕೈಕೆಳಗೆ ದಿನಗೂಲಿ, ಅದೂ ವರ್ಷದಲ್ಲಿ ಕೆಲವು ತಿಂಗಳು. ಅವನು ಒಂದು ದಿನ ನನಗೆ ಹೇಳಿದ: "ಕಾಕಾ, ನಮ್ಮಜ್ಜಗ ಸರಕಾರ ಕೊಟ್ಟಿದ್ದು ಸರಕಾರನೇ ಒಯ್ದದ. ನಡುವ ನಾವು ನಲ್ವತ್ತು ವರ್ಷ ಉಳುಮಿ ಮಾಡಿ ಕೊಟ್ಟಂಗ ಆತು." ಕತೆ ಬರೆಯುವವನಾದ ನನಗೆ ಆ ಒಂದು ಸಾಲಿನ ಮುಂದೆ ಬರೆಯಲು ಏನೂ ಉಳಿಯಲಿಲ್ಲ.

ಈ ಭೂಸ್ವಾಧೀನ ನಡೆದಾಗ ರಾಜ್ಯದಲ್ಲಿದ್ದದ್ದು ಬಿಜೆಪಿ ಸರಕಾರ, ಅದನ್ನು ಮುಚ್ಚಿಡಬಾರದು. ಆದರೆ ಆಮೇಲೆ ಬಂದ ಕಾಂಗ್ರೆಸ್, ಸಮ್ಮಿಶ್ರ, ಮತ್ತೆ ಬಿಜೆಪಿ, ಮತ್ತೆ ಕಾಂಗ್ರೆಸ್ ಸರಕಾರಗಳಲ್ಲಿ ಯಾವುದೂ ಈ ರೈತರ ಮುಂದೆ ಕೂತು ಲೆಕ್ಕ ಒಪ್ಪಿಸಲಿಲ್ಲ. ಎಷ್ಟು ಎಕರೆ ತೆಗೆದುಕೊಂಡೆವು, ಎಷ್ಟರಲ್ಲಿ ಕಾರ್ಖಾನೆ ಎದ್ದಿದೆ, ಎಷ್ಟು ಸ್ಥಳೀಯರಿಗೆ ಕಾಯಂ ಕೆಲಸ ಸಿಕ್ಕಿದೆ? ಮೂರೇ ಪ್ರಶ್ನೆ.

ಈ ಸೀಮೆಗೆ ನಾಯಕರ ಕೊರತೆ ಇರಲಿಲ್ಲ. ಗುರುಮಠಕಲ್ ಕ್ಷೇತ್ರ 1972ರಿಂದ 2004ರವರೆಗೆ ಸತತ ಎಂಟು ಚುನಾವಣೆಗಳಲ್ಲಿ ಮಲ್ಲಿಕಾರ್ಜುನ ಖರ್ಗೆಯವರನ್ನೇ ಗೆಲ್ಲಿಸಿತು. ಗುಂಡೂರಾವ್ ಸಂಪುಟದಲ್ಲಿ ಕಂದಾಯ ಖಾತೆಯ ರಾಜ್ಯ ಸಚಿವರಾಗಿ ಭೂಸುಧಾರಣೆಯ ಕೆಲಸ ನೋಡಿಕೊಂಡವರು ಅವರು. 371(ಜೆ) ತಿದ್ದುಪಡಿಯ ಹಿಂದೆ ಅವರ ಶ್ರಮವಿದೆ. ಬೋಗಿ ಕಾರ್ಖಾನೆ ಇತ್ತ ಬಂದದ್ದೂ ಅವರು ರೈಲ್ವೆ ಮಂತ್ರಿಯಾಗಿದ್ದ ಕಾಲದ ನಿರ್ಧಾರದಿಂದ. ಅವರಿಗೆ ಮುಖ್ಯಮಂತ್ರಿಯ ಕುರ್ಚಿ 1999ರಲ್ಲಿ, 2004ರಲ್ಲಿ, 2013ರಲ್ಲಿ ಕೈಗೆ ಬಂದಂತಾಗಿ ತಪ್ಪಿತು. 1999ರ ನೋವನ್ನು ಅವರು 2025ರ ಜುಲೈನಲ್ಲಿ ವಿಜಯಪುರದ ಸಭೆಯಲ್ಲಿ ತಾವೇ ಹೇಳಿಕೊಂಡರು. ನಮ್ಮವನೊಬ್ಬ ದೊಡ್ಡ ಕುರ್ಚಿಯಲ್ಲಿ ಕೂರಲಿ ಎಂಬ ಆಸೆ ಈ ಕಡೆಯ ದಲಿತರಿಗೆ, ಮುಸ್ಲಿಮರಿಗೆ ಎಷ್ಟಿತ್ತೆಂಬುದು ಇಲ್ಲಿ ಬಾಳಿದವರಿಗೆ ಗೊತ್ತು.

ಆದರೂ ಒಂದು ವಿಚಿತ್ರ ನೋಡಿ. ಅದೇ ಗುರುಮಠಕಲ್ 2018ರಲ್ಲಿ ಜೆಡಿಎಸ್‌ನ ನಾಗನಗೌಡ ಕಂದಕೂರರನ್ನು ಗೆಲ್ಲಿಸಿತು. 2023ರಲ್ಲಿ ಕಲ್ಯಾಣ ಕರ್ನಾಟಕದ 41 ಕ್ಷೇತ್ರಗಳಲ್ಲಿ 26 ಕಾಂಗ್ರೆಸ್ಸಿನದಾದಾಗಲೂ, ಖರ್ಗೆಯವರು ಪಕ್ಷದ ರಾಷ್ಟ್ರಾಧ್ಯಕ್ಷರಾಗಿದ್ದಾಗಲೂ, ಗುರುಮಠಕಲ್ ನಾಗನಗೌಡರ ಮಗ ಶರಣಗೌಡರನ್ನು ಆರಿಸಿತು. ಇದಕ್ಕೆ ಜಾತಿ, ಅಭ್ಯರ್ಥಿ, ಅನುಕಂಪ ಎಂದು ಹತ್ತು ಕಾರಣ ಕೊಡಬಹುದು. ನನಗೆ ಕಾಣುವ ಕಾರಣ, ಮನೆಯ ದೀಪ ಊರಿಗೆಲ್ಲ ಬೆಳಕು ಕೊಟ್ಟು ಮನೆಯ ಅಟ್ಟವನ್ನು ಕತ್ತಲಲ್ಲಿ ಬಿಟ್ಟಿತೆಂಬ ಬೇಸರ. 2002ರ ನಂಜುಂಡಪ್ಪ ವರದಿ ಗುರುತಿಸಿದ ಅತ್ಯಂತ ಹಿಂದುಳಿದ 39 ತಾಲೂಕುಗಳಲ್ಲಿ 21 ಅಂದಿನ ಗುಲ್ಬರ್ಗಾ ವಿಭಾಗದವು. ಎರಡು ದಶಕ ಕಳೆದ ಮೇಲೆ, 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಯಾದಗಿರಿ ಶೇಕಡಾ 50.59 ಪಡೆದು ರಾಜ್ಯಕ್ಕೇ ಕಡೆಯ ಜಿಲ್ಲೆಯಾಯಿತು. 2025ರಲ್ಲಿ ನಾಯಕತ್ವ ಬದಲಾವಣೆಯ ಬಗ್ಗೆ ಕೇಳಿದಾಗ ಖರ್ಗೆಯವರು ಅದು ಹೈಕಮಾಂಡಿಗೆ ಬಿಟ್ಟದ್ದು ಎಂದರು. ನಮ್ಮ ಕಡೆಯ ಜನ ನಕ್ಕರು. ಹೈಕಮಾಂಡ್ ಎಂದರೆ ನಮ್ಮ ಗುರುಮಠಕಲ್ಲಿನ ಖರ್ಗೆ ಸಾಹೇಬರೇ ಎಂದುಕೊಂಡಿದ್ದರು ಅವರು.

ಒಳ್ಳೆಯದನ್ನೂ ಹೇಳದಿದ್ದರೆ ಅನ್ಯಾಯವಾದೀತು. 2023ರ ಜೂನ್ 11ರಂದು ಹೆಂಗಸರಿಗೆ ಬಸ್ಸು ಉಚಿತವಾಯಿತು. ನಮ್ಮ ಖಾಲಾ ಒಬ್ಬರು ಸಕ್ಕರೆ ಕಾಯಿಲೆಯವರು. ಮೊದಲು ಯಾದಗಿರಿಯ ಆಸ್ಪತ್ರೆಗೆ ಹೋಗಬೇಕಾದರೆ ಮಗನ ಮುಖ ನೋಡಬೇಕಿತ್ತು. ಈಗ ಆಧಾರ್ ಕಾರ್ಡು ಸೆರಗಿಗೆ ಕಟ್ಟಿಕೊಂಡು ತಾವೇ ಹೋಗಿಬರುತ್ತಾರೆ. ಗೃಹಲಕ್ಷ್ಮಿಯ 2,000 ರೂಪಾಯಿಯಲ್ಲಿ ಮಗಳ ಕಾಲೇಜಿನ ಫೀಸು ಕಟ್ಟಿದ ತಾಯಂದಿರನ್ನು ನಾನು ಬಲ್ಲೆ. ಇದನ್ನು 'ಬಿಟ್ಟಿ ಭಾಗ್ಯ' ಎಂದು ಹಂಗಿಸುವವರು ಒಂದು ತಿಂಗಳು ಆ ಮನೆಗಳ ಡಬ್ಬಿ ಮುಚ್ಚಳ ತೆಗೆದು ನೋಡಬೇಕು. ಆದರೆ ಅದೇ ಗೃಹಲಕ್ಷ್ಮಿಯ 2025ರ ಫೆಬ್ರುವರಿ, ಮಾರ್ಚ್ ಕಂತುಗಳು ಬಂದಿಲ್ಲವೆಂದು ಹೆಂಗಸರು ಬ್ಯಾಂಕಿಗೆ ಅಲೆದರು. ಡಿಸೆಂಬರಿನ ಬೆಳಗಾವಿ ಅಧಿವೇಶನದಲ್ಲಿ ಇಲಾಖೆಯ ಮಂತ್ರಿಗಳೇ ಅದನ್ನು ಒಪ್ಪಿಕೊಳ್ಳಬೇಕಾಯಿತು. ಕೊಟ್ಟವರನ್ನು ನಮ್ಮ ಹೆಂಗಸರು ಮರೆಯುವುದಿಲ್ಲ. ತಪ್ಪಿದ ತಿಂಗಳನ್ನೂ ಮರೆಯುವುದಿಲ್ಲ.

ಕುರ್ಚಿಯ ಜಗಳದಿಂದ ಹಳ್ಳಿಗೇನು ನಷ್ಟ, ನಾಯಕರು ಹೊಡೆದಾಡಿಕೊಳ್ಳಲಿ ಎನ್ನುವವರಿದ್ದಾರೆ. ನಷ್ಟ ಹೀಗಾಗುತ್ತದೆ. ನಾಳೆ ಯಾರು ಮುಖ್ಯಮಂತ್ರಿ ಎಂದು ಗೊತ್ತಿಲ್ಲದಾಗ ಅಧಿಕಾರಿ ಇವತ್ತು ಯಾರ ಮನಸ್ಸನ್ನೂ ಕೆಡಿಸಿಕೊಳ್ಳಲು ಬಯಸುವುದಿಲ್ಲ. ಹೊಗೆ ಬಿಡುವ ಕಂಪನಿಗೆ ಕೊಡಬೇಕಾದ ನೋಟಿಸು ಮೇಜಿನ ಮೇಲೆಯೇ ಉಳಿಯುತ್ತದೆ, ಏಕೆಂದರೆ ಆ ಕಂಪನಿ ಯಾವ ಬಣದ ಯಾರಿಗೆ ಬೇಕಾದದ್ದೋ ಯಾರಿಗೆ ಗೊತ್ತು! ಕ್ಷೇತ್ರದಲ್ಲಿರಬೇಕಾದ ಶಾಸಕ ದಿಲ್ಲಿಯ ವಿಮಾನದಲ್ಲಿರುತ್ತಾನೆ. ಮಂತ್ರಿ ತನ್ನ ಖಾತೆ ಉಳಿಯುತ್ತದೋ ಇಲ್ಲವೋ ಎಂಬ ಚಿಂತೆಯಲ್ಲಿ ಬೆಳೆಹಾನಿಯ ಸಮೀಕ್ಷೆಗೆ ತಲೆ ಕೊಡುವುದಿಲ್ಲ. ಇದರಲ್ಲಿ ಯಾರೊಬ್ಬರ ಕೇಡಿನ ಬುದ್ಧಿಯೂ ಬೇಕಿಲ್ಲ. ಎಲ್ಲರೂ ಸ್ವಲ್ಪ ಸ್ವಲ್ಪ ಕಾಯುತ್ತಾರೆ. ಆ ಎಲ್ಲ ಕಾಯುವಿಕೆಯೂ ಕೂಡಿ ಬಂದು ಬಡವನ ಬಾಗಿಲಲ್ಲಿ ನಿಲ್ಲುತ್ತದೆ.

ಇನ್ನು ನಮ್ಮ ಸಮುದಾಯದ ಮಾತು. 2023ರಲ್ಲಿ ಕರ್ನಾಟಕದ ಮುಸ್ಲಿಮರು ಕಾಂಗ್ರೆಸ್ಸಿಗೆ ಒಟ್ಟಾಗಿ ವೋಟು ಹಾಕಿದರೆಂಬುದರಲ್ಲಿ ಎರಡು ಮಾತಿಲ್ಲ. ಅದಕ್ಕೆ ಕಾರಣಗಳಿದ್ದವು. 2022ರ ಫೆಬ್ರುವರಿಯ ಸಮವಸ್ತ್ರ ಆದೇಶದಿಂದ ನಮ್ಮ ಹೆಣ್ಣುಮಕ್ಕಳು ಕಾಲೇಜಿನ ಗೇಟಿನಲ್ಲಿ ನಿಂತಿದ್ದರು. 2023ರ ಮಾರ್ಚ್‌ನಲ್ಲಿ 2ಬಿ ಮೀಸಲಾತಿಯನ್ನು ತೆಗೆಯಲಾಯಿತು. ಸುಪ್ರೀಂ ಕೋರ್ಟಿನಲ್ಲಿ ಸರಕಾರ ಭರವಸೆ ಕೊಡಬೇಕಾಗಿ ಬಂದದ್ದರಿಂದ ಅದು ಜಾರಿಯಾಗಲಿಲ್ಲ. ಹೊಸ ಸರಕಾರದ ಮುಖ್ಯಮಂತ್ರಿಗಳು 2023ರ ಡಿಸೆಂಬರಿನಲ್ಲಿ ನಂಜನಗೂಡಿನಲ್ಲಿ ಹಿಜಾಬ್ ನಿರ್ಬಂಧ ವಾಪಸು ತೆಗೆದುಕೊಳ್ಳಲು ಹೇಳಿದ್ದೇನೆ ಎಂದಾಗ ನಮ್ಮ ಮನೆಗಳಲ್ಲಿ ಖುಷಿಯಾಯಿತು. ಮರುದಿನ ಅದು 'ಯೋಚಿಸುತ್ತಿದ್ದೇವೆ' ಎಂಬಲ್ಲಿಗೆ ಇಳಿಯಿತು. ಓದು ಬಿಟ್ಟು ಮನೆಯಲ್ಲಿ ಕೂತ ಹುಡುಗಿಗೆ ಆ ಒಂದು ದಿನದ ಅಂತರ ಎಷ್ಟು ದೊಡ್ಡದೆಂದು ಬೆಂಗಳೂರಿನಲ್ಲಿ ಯಾರಾದರೂ ಅಳೆದರೆ?

ಹೀಗೆ ಕೇಳಿದರೆ ಪಕ್ಷದ ಕಾರ್ಯಕರ್ತರ ಬಳಿ ಸಿದ್ಧ ಉತ್ತರವಿದೆ: "ಮತ್ಯಾರಿಗೆ ಹಾಕ್ತೀರಿ? ಅವರು ಬಂದ್ರೆ ಗೊತ್ತಾಗ್ತದ." ಭಯವನ್ನು ತೋರಿಸಿ ಕೇಳುವ ವೋಟು ಇದು. ಬೇರೆ ದಾರಿಯಿಲ್ಲದ ಗಿರಾಕಿಗೆ ಅಂಗಡಿಯವನು ಒಳ್ಳೆಯ ಮಾಲು ತೋರಿಸುವುದಿಲ್ಲ. ನಮ್ಮ ಸಮುದಾಯದ ಮುಖಂಡರೂ ಈ ವ್ಯಾಪಾರದಲ್ಲಿ ಪಾಲುದಾರರು. ಸಂಪುಟದಲ್ಲಿ ಎಷ್ಟು ಮುಸ್ಲಿಮ್ ಮಂತ್ರಿಗಳು, ಯಾವ ನಿಗಮ ಯಾರಿಗೆ, ಯಾವ ಬಣದ ಬೆನ್ನಿಗೆ ಯಾರು ಎಂಬ ಲೆಕ್ಕ ಅವರ ನಾಲಗೆಯ ತುದಿಯಲ್ಲಿದೆ. ಗಡಿಭಾಗದ ಉರ್ದು ಶಾಲೆಗಳಲ್ಲಿ ಎಷ್ಟು ಶಿಕ್ಷಕರ ಹುದ್ದೆ ಖಾಲಿ ಇವೆ ಎಂಬ ಲೆಕ್ಕ ಇಲ್ಲ. ಸಿದ್ದರಾಮಯ್ಯನವರ ಪರ, ಶಿವಕುಮಾರರ ಪರ ಎಂದು ನಮ್ಮ ಯುವಕರು ಮೊಬೈಲಿನಲ್ಲಿ ಜಗಳವಾಡುವುದನ್ನು ಕಂಡಾಗ, ಈ ಉತ್ಸಾಹದ ಕಾಲುಭಾಗ ಗ್ರಾಮಸಭೆಗೆ ಬಂದಿದ್ದರೆ ಎಂದುಕೊಳ್ಳುತ್ತೇನೆ.

ಉರ್ದುವಿನಲ್ಲಿ ಅಕ್ಷರ ಕಲಿತು ಕನ್ನಡದಲ್ಲಿ ಬರೆಯುವ ನನಗೆ ಒಂದು ಪದ ಮಾತ್ರ ಎರಡೂ ಭಾಷೆಯಲ್ಲಿ ಬೇರೆ ಬೇರೆಯಾಗಿ ಕೇಳುತ್ತದೆ. ಕನ್ನಡದ ಪತ್ರಿಕೆಯಲ್ಲಿ 'ಅಮಾನತು' ಎಂದರೆ ಕೆಲಸದಿಂದ ದೂರ ಇಡುವುದು. ಉರ್ದುವಿನಲ್ಲಿ 'ಅಮಾನತ್' ಎಂದರೆ ನಂಬಿ ಒಪ್ಪಿಸಿದ್ದು. ಕೇಳಿದಾಗ ಹಾಗೆಯೇ ಹಿಂದಿರುಗಿಸಬೇಕಾದದ್ದು. ಅಮಾನತ್ತನ್ನು ಅದರ ಹಕ್ಕುದಾರರಿಗೆ ತಲುಪಿಸಿ ಎಂಬುದು ಕುರ್‌ಆನಿನ ಆದೇಶ. ವೋಟು ಅಂಥದೊಂದು ಅಮಾನತ್. ಅದನ್ನು ಯಾವ ಪಕ್ಷಕ್ಕೂ ಮಗಳನ್ನು ಧಾರೆಯೆರೆದ ಹಾಗೆ ಕೊಟ್ಟುಬಿಡುವುದಿಲ್ಲ. ಐದು ವರ್ಷಕ್ಕೆ ಒಪ್ಪಿಸುತ್ತೇವೆ, ಲೆಕ್ಕ ಕೇಳುತ್ತೇವೆ. ಲೆಕ್ಕ ಕೇಳುವವನನ್ನು ದ್ರೋಹಿ ಎನ್ನುವ ಸರಕಾರ ಬಲದ್ದಾದರೇನು, ಎಡದ್ದಾದರೇನು?

ಬೇಸರದಿಂದ ಮನೆಯಲ್ಲಿ ಕೂರುವುದು ಪರಿಹಾರವಲ್ಲ. 1989ರಲ್ಲಿ, 1999ರಲ್ಲಿ ಸುಮ್ಮನಾದ ಮತದಾರ ನಾಯಕರಿಗೆ ಪಾಠ ಕಲಿಸಿದ, ಸರಿ. ಆದರೆ ಪಾಠದ ಖರ್ಚನ್ನೂ ತಾನೇ ಕೊಟ್ಟ. ಸೋತ ನಾಯಕರು ಇನ್ನೊಂದು ಪಕ್ಷದಲ್ಲಿ, ಇನ್ನೊಂದು ಸದನದಲ್ಲಿ ಮತ್ತೆ ಕಂಡರು. ಹೋದ ವರ್ಷಗಳು ಮಾತ್ರ ಹಳ್ಳಿಗೆ ಮತ್ತೆ ಸಿಗಲಿಲ್ಲ. ಆದ್ದರಿಂದ ಬೇಸರವನ್ನು ಪ್ರಶ್ನೆಯಾಗಿ ಬದಲಿಸಿಕೊಳ್ಳಬೇಕು. ಯಾರು ಮುಖ್ಯಮಂತ್ರಿಯಾಗಬೇಕೆಂದು ನಮ್ಮನ್ನು ಯಾರೂ ಕೇಳುವುದಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಹೇಳುತ್ತ ನಾವು ಹೊತ್ತು ಕಳೆಯುವುದೇಕೆ? ನಾವು ಕೇಳಬೇಕಾದದ್ದು ಅಳೆಯಲು ಬರುವಂಥದನ್ನು. ಬೆಳೆ ಪರಿಹಾರ ಯಾವ ತಾರೀಖಿಗೆ? ಈ ಶಾಲೆಗೆ ಗಣಿತದ ಮಾಸ್ತರು ಯಾವ ತಿಂಗಳು? ಭೂಮಿ ಕೊಟ್ಟ ಮನೆಗಳಲ್ಲಿ ಎಷ್ಟು ಜನಕ್ಕೆ ಕಾಯಂ ಕೆಲಸ?

ಕಡೇಚೂರಿನಲ್ಲಿ ಇದನ್ನು ಒಂದು ಸಣ್ಣ ಬೇಡಿಕೆಯಿಂದ ಶುರು ಮಾಡಬಹುದು. ಗಾಳಿಯ ಗುಣಮಟ್ಟ ಅಳೆಯುವ ಯಂತ್ರಗಳು ದೊಡ್ಡ ಶಹರಗಳಲ್ಲಿವೆ. ಅಂಥದೊಂದನ್ನು ಕೈಗಾರಿಕಾ ಪ್ರದೇಶದ ಗೇಟಿನಲ್ಲಿ ಇಡುವುದು ಬೇಡ, ಊರಿನೊಳಗೆ, ಪಂಚಾಯಿತಿ ಕಟ್ಟಡದ ಗೋಡೆಗೆ ಹಾಕಲಿ. ಅದು ರಾತ್ರಿಯೂ ಅಳೆಯಲಿ. ಅಂಕಿಯನ್ನು ಕನ್ನಡದಲ್ಲಿ, ಹೊರಗೆ ನಿಂತವರಿಗೆ ಕಾಣುವಷ್ಟು ದೊಡ್ಡದಾಗಿ ತೋರಿಸಲಿ. ವಿಧಾನಸೌಧದ ಮೂರನೆಯ ಮಹಡಿಯಲ್ಲಿ ಯಾರು ಕೂತಿದ್ದರೂ ನಮಗೆ ಆಗಬಹುದು. ಬೆಳಗಾಗ ಹಾಲು ತರಲು ಹೋದ ಹೆಂಗಸು ಆ ಅಂಕಿ ನೋಡಿ, ರಾತ್ರಿ ತನ್ನ ಮಗು ಕೆಮ್ಮಿದ್ದೇಕೆಂದು ಪಂಚಾಯಿತಿಯ ಕಾರ್ಯದರ್ಶಿಯನ್ನು ಕೇಳುವಂತಾಗಲಿ.